ಹಸಿ ಮಣ್ಣು, ನಾಲ್ಕು ಜನರ ಕಣ್ಣು: ಮುಂಬೈ ಮೂರ್ತಿ ಮಾಡೋದು ಕಲಿತ ಕಥೆ

ವಿಡಿಯೋದಲ್ಲಿ ಆಡಿದ ಮಾತನ್ನೇ ಓದೋದಕ್ಕೆ ಅನುಕೂಲ ಆಗಲಿ ಅಂತ ಸ್ವಲ್ಪ ಓರಣ ಮಾಡಿ ಇಲ್ಲಿ ಹಾಕ್ತಿದ್ದೀನಿ.

ಈ ಸಲದ ವಿಷಯ ಕೇಳಿದ್ರೆ ಕೆಲವರಿಗೆ ನಗು ಬರಬಹುದು. ಪಾಲಿಮರ್ ಕ್ಲೇಯಲ್ಲಿ ಸೂಪರ್‌ಹೀರೋ ಮೂರ್ತಿ ಮಾಡೋದು. ಐರೋಲಿ, ಪೊವಾಯಿ, ಠಾಣೆ ಕಡೆ ಕೆಲಸ ಮಾಡುವ ನನ್ನ ಪರಿಚಯದ ಕೆಲವರು ವಾರಾಂತ್ಯದಲ್ಲಿ ಲ್ಯಾಪ್‌ಟಾಪ್ ಮುಚ್ಚಿಟ್ಟು ತಂತಿ, ಫಾಯಿಲ್, ಕ್ಲೇ ಹಿಡಿದು ಕೂರ್ತಾರೆ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ನೋಡಿ ತಪ್ಪು ಹೇಳ್ತಾರೆ. ಹೊರಗಿನಿಂದ ನೋಡಿದವರಿಗೆ ಇದು ಮೊನ್ನೆ ಮೊನ್ನೆ ಅಮೆರಿಕದಿಂದ ಬಂದ ಹುಚ್ಚು ಅನ್ನಿಸುತ್ತೆ. ಆದರೆ ಮಣ್ಣಿನಲ್ಲಿ ಒಂದು ಬಲಿಷ್ಠ ಮೈ ಕಟ್ಟಿ, ಅದನ್ನು ನಾಲ್ಕು ಜನರ ಮುಂದಿಟ್ಟು, ಅವರ ಮಾತು ಕೇಳಿ ತಿದ್ದಿಕೊಳ್ಳುವ ಕಲಿಕೆಗೆ ಈ ಊರಿನಲ್ಲಿ 150 ವರ್ಷಕ್ಕೂ ಮಿಕ್ಕಿದ ಚರಿತ್ರೆ ಇದೆ.

ಆ ಚರಿತ್ರೆಯಿಂದ ನನಗೆ ತಿಳಿದದ್ದು ಒಂದೇ ಮಾತು. ಮಣ್ಣು ಹಸಿ ಇರುವಷ್ಟು ಹೊತ್ತು ಮಾತ್ರ ಇನ್ನೊಬ್ಬರ ಮಾತಿಗೆ ಬೆಲೆ. ಒಣಗಿದ ಮೇಲೆ, ಸುಟ್ಟ ಮೇಲೆ, ಎರಕ ಹೊಯ್ದ ಮೇಲೆ ಬಂದದ್ದು ಬರೀ ಅಭಿಪ್ರಾಯ. ನಮ್ಮ ಕೆಲಸದಲ್ಲಿ ಕೋಡ್ ರಿವ್ಯೂ ಅಂತೀವಲ್ಲ, ರಿಲೀಸ್‌ಗೆ ಮೊದಲು ಬಂದ ಕಾಮೆಂಟಿಗೂ ಆಮೇಲೆ ಬಂದ ಬಗ್‌ಗೂ ಎಷ್ಟು ವ್ಯತ್ಯಾಸ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಕ್ರಾಫರ್ಡ್ ಮಾರ್ಕೆಟ್‌ನ ಮೂಲೆ

ಕಥೆ ಶುರುವಾಗೋದು ಸಿಎಸ್‌ಎಂಟಿ ಸ್ಟೇಷನ್ನಿನಿಂದ ಐದಾರು ನಿಮಿಷ ನಡೆದರೆ ಸಿಗುವ ಜಾಗದಲ್ಲಿ. ಸರ್ ಜಮ್ಶೆಟ್ಜಿ ಜೀಜೀಭಾಯ್ ಕೊಟ್ಟ 1 ಲಕ್ಷ ರೂಪಾಯಿ ದಾನದಿಂದ 1857ರಲ್ಲಿ ಜೆ. ಜೆ. ಸ್ಕೂಲ್ ಆಫ್ ಆರ್ಟ್ ಆರಂಭವಾಯಿತು. ಮೊದಲ ತರಗತಿಗಳು ನಡೆದದ್ದು ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ. 1865ರಲ್ಲಿ ಜಾನ್ ಲಾಕ್‌ವುಡ್ ಕಿಪ್ಲಿಂಗ್ ಶಿಲ್ಪದ ಮೇಷ್ಟ್ರಾಗಿ ಇಂಗ್ಲೆಂಡಿನಿಂದ ಬಂದರು. ಅದೇ ವರ್ಷ ಡಿಸೆಂಬರ್ 30ರಂದು ಅವರ ಮಗ ರಡ್ಯಾರ್ಡ್ ಹುಟ್ಟಿದ. 'ಜಂಗಲ್ ಬುಕ್' ಬರೆದ ಆ ಕಿಪ್ಲಿಂಗ್ ಮುಂಬೈನವನು ಅಂತ ಕೇಳಿದರೆ ಇವತ್ತಿಗೂ ಎಷ್ಟೋ ಜನಕ್ಕೆ ಆಶ್ಚರ್ಯ.

1866ರಲ್ಲಿ ಶಾಲೆಯಲ್ಲಿ ಮೂರು ಕಾರ್ಯಾಗಾರ ತೆರೆದರು: ಒಂದು ಅಲಂಕಾರ ಚಿತ್ರಕ್ಕೆ, ಒಂದು ಮಣ್ಣಿನ ಮಾದರಿಗೆ, ಒಂದು ಕಬ್ಬಿಣದ ಕುಸುರಿಗೆ. ಮಣ್ಣಿನ ವಿಭಾಗ ಕಿಪ್ಲಿಂಗ್ ಕೈಯಲ್ಲಿತ್ತು. ಆಗ ಕಟ್ಟುತ್ತಿದ್ದ ಕ್ರಾಫರ್ಡ್ ಮಾರ್ಕೆಟ್‌ನ ಬಾಗಿಲ ಕಮಾನುಗಳ ಮೇಲೆ ಸಂತೆಯ ಜನ, ದುಡಿಯುವ ಜನ ಇರುವ ಉಬ್ಬುಶಿಲ್ಪಗಳಿವೆ ನೋಡಿ, ಅವು ಕಿಪ್ಲಿಂಗ್ ಅವರವು. ಮುಂದೆ 1878ರಿಂದ 1888ರವರೆಗೆ ವಿಕ್ಟೋರಿಯಾ ಟರ್ಮಿನಸ್ ಕಟ್ಟುವಾಗ ಅದರ ಮೈಮೇಲಿನ ಬಳ್ಳಿ, ಹಕ್ಕಿ, ಪ್ರಾಣಿಗಳ ಅಲಂಕಾರದಲ್ಲಿ ಇದೇ ಶಾಲೆಯ ವಿದ್ಯಾರ್ಥಿಗಳ ಕೈ ಇತ್ತು. ದಿನಾ ಓಡಿಕೊಂಡು ಲೋಕಲ್ ಹಿಡಿಯುವ ನಾವು ಅದನ್ನು ತಲೆ ಎತ್ತಿ ನೋಡೋದು ಅಪರೂಪ.

ಅಲ್ಲಿ ಕಲಿಕೆ ಹೇಗಿತ್ತು? ಗ್ರೀಕ್, ರೋಮನ್ ಮೂರ್ತಿಗಳ ಪ್ಲಾಸ್ಟರ್ ಅಚ್ಚುಗಳನ್ನು ಮುಂದಿಟ್ಟುಕೊಂಡು ನಕಲು ಮಾಡೋದು. ಆಮೇಲೆ ಜೀವಂತ ಮನುಷ್ಯನನ್ನು ನೋಡಿ ಮಾಡೋದು. ಮಣ್ಣಿನ ಕೆಲಸಕ್ಕೆ ಒಂದು ಗುಣ ಇದೆ. ಸಂಜೆ ಒದ್ದೆ ಬಟ್ಟೆ ಸುತ್ತಿಟ್ಟರೆ ನಾಳೆ ಮತ್ತೆ ತಿದ್ದಬಹುದು. ಬಟ್ಟೆ ಒಣಗಲು ಬಿಟ್ಟರೆ ಬಿರುಕು. ಅಂದ್ರೆ ತಿದ್ದುಪಡಿಗೆ ಎಷ್ಟು ದಿನ ಅವಕಾಶ ಅನ್ನೋದು ಒಂದು ಒದ್ದೆ ಬಟ್ಟೆಯ ಮೇಲೆ ನಿಂತಿತ್ತು.

ಆದರೆ ತಿದ್ದುವ ಅಧಿಕಾರ ಯಾರದು? ಶಾಲೆಯನ್ನು ನಡೆಸುತ್ತಿದ್ದವರು ಯುರೋಪಿನವರು. 1888ರಲ್ಲಿ ಶುರುವಾದ ಬಾಂಬೆ ಆರ್ಟ್ ಸೊಸೈಟಿಯ ಆರಂಭದ ದಿನಗಳಲ್ಲೂ ಅವರದೇ ಮೇಲುಗೈ. ಮಾತು ಮೇಲಿನಿಂದ ಕೆಳಕ್ಕೆ ಬರುತ್ತಿತ್ತು.

ಒಬ್ಬ ವಿದ್ಯಾರ್ಥಿಯ ಹೆಂಗಸು, ಒಬ್ಬ ಗಣಪತಿಕಾರನ ಮಗ

1896ರಲ್ಲಿ ಆ ಸೊಸೈಟಿಯ ಪ್ರದರ್ಶನಕ್ಕೆ ಜೆ. ಜೆ. ವಿದ್ಯಾರ್ಥಿ ಗಣಪತರಾವ್ ಮ್ಹಾತ್ರೆ ಒಂದು ಪ್ಲಾಸ್ಟರ್ ಮೂರ್ತಿ ಇಟ್ಟರು. ನೌವಾರಿ ಸೀರೆ ಉಟ್ಟು, ಪೂಜೆಯ ಸಾಮಾನು ಹಿಡಿದು ದೇವಸ್ಥಾನಕ್ಕೆ ಹೊರಟ ಮರಾಠಿ ಹೆಣ್ಣುಮಗಳು. ಹೆಸರು 'ಮಂದಿರಪಥಗಾಮಿನಿ'. ಬೆಳ್ಳಿ ಪದಕ ಬಂತು. ಸರ್ ಜಾರ್ಜ್ ಬರ್ಡ್‌ವುಡ್ ಲಂಡನ್ನಿನಲ್ಲಿ ಅದನ್ನು ಹೊಗಳಿ ಬರೆದರು, ಬಂಗಾಳದಿಂದ ರವೀಂದ್ರನಾಥ ಟಾಗೋರರೂ ಬರೆದರು. ಸೀರೆಯ ನೆರಿಗೆ ಗ್ರೀಕ್ ದೇವತೆಗಳ ನೆರಿಗೆಯ ಪಾಠದಿಂದ ಬಂದದ್ದು ನಿಜ. ಆದರೆ ಹೆಜ್ಜೆ ಇಡುವ ರೀತಿ ಗಿರಗಾಂವ್‌ನ ಗಲ್ಲಿಯದು. ಕಲಿಸಿದ್ದನ್ನು ಕಲಿತು, ತನ್ನ ಮನೆಯ ಕಣ್ಣಿನಿಂದ ಅದನ್ನು ತಿದ್ದಿಕೊಂಡ ಕೆಲಸ ಅದು.

ಎರಡನೆಯವರು ವಿನಾಯಕ ಪಾಂಡುರಂಗ ಕರ್ಮರ್ಕರ್. ಮುಂಬೈ ಬಂದರಿನ ಆಚೆ ದಡದಲ್ಲಿ, ಅಲಿಬಾಗ್ ಹತ್ತಿರದ ಸಾಸವಣೆ ಊರಿನಲ್ಲಿ 1891ರಲ್ಲಿ ಹುಟ್ಟಿದರು. ಮನೆಯಲ್ಲಿ ಗಣಪತಿ ಮಾಡುವ ಕೆಲಸ. ಊರಿನ ದೇವಸ್ಥಾನದ ಗೋಡೆ ಮೇಲೆ ಹುಡುಗ ಬರೆದಿದ್ದ ಶಿವಾಜಿ ಚಿತ್ರವನ್ನು ಆಟೊ ರಾಥ್‌ಫೀಲ್ಡ್ ಅನ್ನುವ ಕಲೆಕ್ಟರ್ ನೋಡಿ, ಇವನನ್ನು ಜೆ. ಜೆ.ಗೆ ಸೇರಿಸಲು ನೆರವಾದರು. ಅದೇ ಹುಡುಗ 1928ರಲ್ಲಿ ಪುಣೆಯ ಕುದುರೆ ಏರಿದ ಶಿವಾಜಿಯನ್ನು ಮಾಡಿದ. ಗಣಪತಿ ಮಾಡುವವರ ಮನೆಯ ಕೈ ಅಷ್ಟು ದೂರ ಹೋಗೋದಕ್ಕೆ ಒಬ್ಬ ಸಾಹೇಬರ ಕಣ್ಣಿಗೆ ಬೀಳಬೇಕಾಯಿತು. ಕಣ್ಣಿಗೆ ಬೀಳದೆ ಉಳಿದವರೆಷ್ಟು ಅನ್ನೋ ಪ್ರಶ್ನೆ ನನ್ನನ್ನು ಕಾಡುತ್ತೆ.

ಮೂರನೆಯವರು ಬಾಲಾಜಿ ವಸಂತ ತಾಲೀಮ್. ಇವರೂ ಜೆ. ಜೆ.ಯವರೇ. ಫ್ಲೋರಾ ಫೌಂಟನ್ ಹತ್ತಿರ ಕುಳಿತಿರುವ ದಾದಾಭಾಯಿ ನವರೋಜಿ ಇವರ ಕೆಲಸ. ಇವರ ಇನ್ನೊಂದು ಕೆಲಸವನ್ನು ನಿಮ್ಮಲ್ಲಿ ಬಹಳ ಜನ ಕೈಮುಗಿದು ನೋಡಿದ್ದೀರಿ. ಶಿರಡಿಯ ಸಮಾಧಿ ಮಂದಿರದ ಸಾಯಿಬಾಬಾ ಮೂರ್ತಿ, ಪ್ರತಿಷ್ಠಾಪನೆ 1954ರ ಅಕ್ಟೋಬರ್ 7, ವಿಜಯದಶಮಿ. ಬಾಬಾ ತೀರಿಕೊಂಡು ಆಗಲೇ 36 ವರ್ಷ. ತಾಲೀಮರ ಮುಂದೆ ಇದ್ದದ್ದು ಕಪ್ಪು ಬಿಳುಪು ಫೋಟೋ. ಮೊದಲು ಮಣ್ಣಿನ ಮಾದರಿ ಮಾಡಿದರು, ಅದಕ್ಕೆ ಸಂಸ್ಥಾನದವರ ಒಪ್ಪಿಗೆ ಸಿಕ್ಕಿತು, ಆಮೇಲೆ ಅಮೃತಶಿಲೆಗೆ ಉಳಿ ಬಿತ್ತು. ಬಾಬಾರನ್ನು ಕಣ್ಣಾರೆ ಕಂಡವರು ಆಗಿನ್ನೂ ಬದುಕಿದ್ದರು. ಫೋಟೋದಲ್ಲಿ ಇಲ್ಲದ್ದು ಅವರ ನೆನಪಿನಲ್ಲಿತ್ತು. ಅಮೃತಶಿಲೆಯಲ್ಲಿ ಮೂಗು ಒಮ್ಮೆ ತಪ್ಪಿದರೆ ತಪ್ಪಿದ ಹಾಗೇ. ಆದ್ದರಿಂದ ಕೇಳಬೇಕಾದ್ದನ್ನೆಲ್ಲ ಮಣ್ಣಿನ ಹಂತದಲ್ಲೇ ಕೇಳಿ ಮುಗಿಸಬೇಕು. ದೊಡ್ಡ ಶಿಲ್ಪಿಗಳ ಶಿಸ್ತು ಅಂದ್ರೆ ಇದೇ.

ನಾಲ್ಕು ಸ್ಟೇಷನ್ ಆಚೆ

ಈಗ ಸಿಎಸ್‌ಎಂಟಿಯಿಂದ ಸ್ಲೋ ಲೋಕಲ್ ಹತ್ತಿ. ನಾಲ್ಕನೇ ಸ್ಟೇಷನ್ ಚಿಂಚ್‌ಪೋಕ್ಳಿ. ಇಳಿದರೆ ಲಾಲ್‌ಬಾಗ್, ಅದರ ಪಕ್ಕಕ್ಕೆ ಪರೇಲ್. ಅದೇ ಊರು, ಅದೇ ಮಣ್ಣು, ಆದರೆ ಇಲ್ಲಿಯ ಕಲಿಕೆಗೆ ಸರ್ಟಿಫಿಕೇಟ್ ಇಲ್ಲ. 1893ರಲ್ಲಿ ತಿಲಕರು ಗಣೇಶೋತ್ಸವವನ್ನು ಸಾರ್ವಜನಿಕ ಮಾಡಲು ಮುಂದಾದಾಗ ಗಿರಗಾಂವ್‌ನ ಕೇಶವ್‌ಜಿ ನಾಯಕ್ ಚಾಳಿನಲ್ಲಿ ಗಣಪತಿ ಕೂರಿಸಿದರು. ಲಾಲ್‌ಬಾಗ್ ರಾಜಾ ಮಂಡಳಿ ಹುಟ್ಟಿದ್ದು 1934ರಲ್ಲಿ. ಆ ಮೂರ್ತಿಯನ್ನು ದಶಕಗಳಿಂದ ಕಾಂಬ್ಳಿ ಮನೆತನದವರೇ ಮಾಡುತ್ತಾ ಬಂದಿದ್ದಾರೆ. ಪರೇಲ್‌ನಲ್ಲಿ ಎತ್ತರದ ಗಣಪತಿಗಳಿಗೆ ಹೆಸರಾಗಿದ್ದ ವಿಜಯ್ ಖಾತು 2017ರಲ್ಲಿ ತೀರಿಕೊಂಡ ಮೇಲೆ ಕಾರ್ಖಾನೆಯ ಹೊಣೆಯನ್ನು ಮಗಳು ರೇಷ್ಮಾ ಹೊತ್ತರು.

ಇಲ್ಲಿ ವಿಮರ್ಶೆ ಮಾಡೋರು ಯಾರು? ಪಕ್ಕದಲ್ಲಿ ಕೂತು ಸೊಂಡಿಲು ತೀಡುತ್ತಿರುವವನು. ಹತ್ತು ಹೆಜ್ಜೆ ಹಿಂದೆ ನಿಂತು ನೋಡುವ ಹಿರಿಯ. ಅಡ್ವಾನ್ಸ್ ಕೊಡಲು ಬಂದ ಮಂಡಳಿಯವರು. ಕಣ್ಣು ಬರೆಯುವ ಕೆಲಸ ಅನುಭವಿಗಳಿಗೇ ಮೀಸಲು, ಹೊಸಬರು ಹತ್ತಿರ ನಿಂತು ನೋಡಬೇಕು. ಕೊನೆಗೆ ದೊಡ್ಡ ಪರೀಕ್ಷಕರು ಅಂದ್ರೆ ಬೀದಿಯ ಜನ. ಹನ್ನೊಂದನೇ ದಿನ ಮೂರ್ತಿ ಗಿರಗಾಂವ್ ಚೌಪಾಟಿಯಲ್ಲಿ ನೀರಿಗೆ ಹೋಗುತ್ತೆ. ಒಪ್ಪಾದದ್ದೂ ಹೋಗುತ್ತೆ, ತಪ್ಪಾದದ್ದೂ ಹೋಗುತ್ತೆ. ಉಳಿಯೋದು ಜನ ಆಡಿದ ಮಾತು. ಅದನ್ನಿಟ್ಟುಕೊಂಡು ಮುಂದಿನ ವರ್ಷ ಹೊಸ ಮಣ್ಣು. ವರ್ಷಕ್ಕೊಂದು ವರ್ಷನ್ ಅನ್ನಿ.

ಈ ವ್ಯವಸ್ಥೆಯನ್ನು ಬದಲಿಸಿದ್ದು ಪ್ಲಾಸ್ಟರ್ ಆಫ್ ಪ್ಯಾರಿಸ್. ಶಾಡೂ ಮಣ್ಣಿನ ಮೂರ್ತಿ ಭಾರ, ಸುಲಭವಾಗಿ ಒಡೆಯುತ್ತೆ, ಮುಂಬೈ ಮಳೆಗಾಲದಲ್ಲಿ ಬೇಗ ಒಣಗೋದಿಲ್ಲ. ಪಿಒಪಿ ಹಗುರ, ಅಗ್ಗ, ನಿಮಿಷಗಳಲ್ಲಿ ಗಟ್ಟಿ. ಒಂದು ಮೂಲ ಮೂರ್ತಿ ಮಾಡಿ ಅಚ್ಚು ತೆಗೆದರೆ ನೂರಾರು ಪ್ರತಿ. ಆದರೆ ತಿದ್ದುವ ಕ್ಷಣ ಆ ಒಂದು ಮೂಲಕ್ಕೆ ಮಾತ್ರ ಉಳಿಯಿತು. ಉಳಿದವಕ್ಕೆ ಬರೀ ಫಿನಿಶಿಂಗ್. ಕಲಿಯುವ ಹುಡುಗನ ಕೈಗೆ ಹಸಿ ಮಣ್ಣಿನ ಬದಲು ಸ್ಯಾಂಡ್‌ಪೇಪರ್ ಬಂತು. ಪರಿಸರದ ಕಾರಣಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಪಿಒಪಿ ಮೂರ್ತಿ ಬೇಡ ಎಂದಿತು. 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಕಟ್ಟುನಿಟ್ಟಾಗಿ ಪಾಲಿಸಲು ಹೇಳಿತು, ಜೂನ್‌ನಲ್ಲಿ ತಯಾರಿಕೆಗೆ ಮತ್ತೆ ಅವಕಾಶ ಸಿಕ್ಕಿತು. ವಾದ ನಡೆದದ್ದೆಲ್ಲ ನೀರಿನ ಬಗ್ಗೆ, ಹೊಟ್ಟೆಪಾಡಿನ ಬಗ್ಗೆ. ಎರಡೂ ದೊಡ್ಡ ವಿಷಯಗಳೇ. ಆದರೆ ಮಣ್ಣಿನಲ್ಲಿ ಕೈ ತಿದ್ದಿಕೊಳ್ಳುವ ವಿದ್ಯೆ ಏನಾಗುತ್ತೆ ಅನ್ನೋದೂ ಅದರೊಳಗೇ ಇತ್ತು.

ಆ ಮೈಕಟ್ಟು ಎಲ್ಲಿಂದ ಬಂತು

ಸೂಪರ್‌ಹೀರೋ ಮೈಗೆ ಬರೋಣ. 1964ರ ಮಾರ್ಚ್‌ನಲ್ಲಿ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ ಮುಂಬೈನಿಂದ ಇಂದ್ರಜಾಲ ಕಾಮಿಕ್ಸ್ ಶುರುಮಾಡಿತು, ಫ್ಯಾಂಟಮ್ ಕಥೆಯೊಂದಿಗೆ. ಆಗ ಆ ಸಂಸ್ಥೆಯಲ್ಲಿದ್ದವರಲ್ಲಿ ಒಬ್ಬರು ಅನಂತ ಪೈ. ನಮ್ಮ ಕಾರ್ಕಳದವರು, 1929ರಲ್ಲಿ ಹುಟ್ಟಿ, ಹನ್ನೆರಡರ ವಯಸ್ಸಿನಲ್ಲಿ ಮುಂಬೈಗೆ ಬಂದವರು. ಓದಿದ್ದು ಕೆಮಿಕಲ್ ಟೆಕ್ನಾಲಜಿ! 1967ರಲ್ಲಿ ದಿಲ್ಲಿಯ ದೂರದರ್ಶನದ ಕ್ವಿಜ್ ಒಂದರಲ್ಲಿ ಮಕ್ಕಳು ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರ ಹೇಳಿ, ರಾಮನ ತಾಯಿಯ ಹೆಸರಿಗೆ ತಡವರಿಸಿದ್ದನ್ನು ಕಂಡು ಅವರು ಅಮರ ಚಿತ್ರ ಕಥೆಗೆ ಇಳಿದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅದಕ್ಕೂ ಮೊದಲು, 1965ರಲ್ಲೇ, ಬೆಂಗಳೂರಿನಲ್ಲಿ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ ಅಮರ ಚಿತ್ರ ಕಥೆಯ ಹೆಸರಲ್ಲಿ ಕನ್ನಡ ಪುಸ್ತಕಗಳು ಬಂದಿದ್ದವು ಅನ್ನೋದು ಅಷ್ಟಾಗಿ ಗೊತ್ತಿಲ್ಲದ ಕಥೆ.

ಅಮರ ಚಿತ್ರ ಕಥೆಯ ಮೊದಲ ಪೌರಾಣಿಕ ಸಂಚಿಕೆ 'ಕೃಷ್ಣ'ವನ್ನು ಬರೆದ ಕಲಾವಿದ ರಾಮ್ ವಾಯೀರ್‌ಕರ್. ಅವರ ರೇಖೆಯ ಮೇಲೆ ಟಾರ್ಜನ್ ಕಾಮಿಕ್ಸ್‌ನ ಪ್ರಭಾವ ಇತ್ತು. ಹೀಗೆ ನಮ್ಮ ದೇವರುಗಳಿಗೆ ಎದೆ ಅಗಲವಾಯಿತು, ಭುಜದಲ್ಲಿ ಸ್ನಾಯು ಮೂಡಿತು.

ಇಲ್ಲಿ ಒಂದು ಲೆಕ್ಕ ಹೇಳಬೇಕು. ಸಾಮಾನ್ಯ ಮನುಷ್ಯನ ಎತ್ತರ ಅವನ ತಲೆಯ ಏಳೂವರೆ ಪಟ್ಟು. ಕಾಮಿಕ್ಸ್‌ನ ವೀರನಿಗೆ ಎಂಟು, ಎಂಟೂವರೆ ಕೊಡ್ತಾರೆ. ನಮ್ಮ ಶಿಲ್ಪಶಾಸ್ತ್ರದಲ್ಲೂ ಇಂಥದೇ ಲೆಕ್ಕ ಇದೆ, ತಾಳಮಾನ. ಒಂದು ತಾಳ ಅಂದ್ರೆ ಒಂದು ಮುಖದ ಉದ್ದ. ದೊಡ್ಡ ದೇವರಿಗೆ ಒಂಬತ್ತು ಹತ್ತು ತಾಳ, ಗಣಪತಿಗೆ ಐದು. ಅವನು ಕುಳ್ಳ, ಡೊಳ್ಳು ಹೊಟ್ಟೆಯವನು, ಅದೇ ಅವನ ಚೆಲುವು. 'ಬಾಹುಬಲಿ' ಸಿನಿಮಾ ಬಂದ ಮೇಲೆ, ಅದರಲ್ಲೂ 2017ರಲ್ಲಿ, ಮುಂಬೈ ಮಾರುಕಟ್ಟೆಗೆ ಬಾಹುಬಲಿ ಗಣಪ ಬಂದ. ಸಿಕ್ಸ್‌ಪ್ಯಾಕ್ ಹೊಟ್ಟೆ, ಹೆಗಲ ಮೇಲೆ ಶಿವಲಿಂಗ. ಐದು ತಾಳದವನನ್ನು ಎಂಟು ತಲೆಯವನನ್ನಾಗಿ ಎಳೆದರು. ಇನ್ನೊಂದು ತಮಾಷೆ ನೋಡಿ. ಅನಂತ ಪೈ ಹುಟ್ಟಿದ ಕಾರ್ಕಳದಲ್ಲಿ 1432ರಿಂದ ನಿಂತಿರುವ, ಸುಮಾರು 42 ಅಡಿಯ ಬಾಹುಬಲಿ ಏನನ್ನೂ ಎತ್ತೋದಿಲ್ಲ. ಗೆದ್ದದ್ದನ್ನೆಲ್ಲ ಕೆಳಗಿಟ್ಟು ಸುಮ್ಮನೆ ನಿಂತಿದ್ದಾನೆ. ಬಲ ಅಂದ್ರೆ ಏನು ಅನ್ನೋದರ ಬಗ್ಗೆ ಎರಡು ಬೇರೆ ಬೇರೆ ಉತ್ತರ.

ಮಣ್ಣೇ ಇಲ್ಲದ ಮಣ್ಣು

ಪಾಲಿಮರ್ ಕ್ಲೇ ಹೆಸರಿಗೆ ಮಾತ್ರ ಮಣ್ಣು. ಅಸಲಿಗೆ ಅದು ಪಿವಿಸಿ, ಅಂದ್ರೆ ನಮ್ಮ ಮನೆಯ ನೀರಿನ ಪೈಪ್ ಇದೆಯಲ್ಲ ಅದೇ ಜಾತಿ. ಮೆದುವಾಗಿರಲಿ ಅಂತ ಪ್ಲಾಸ್ಟಿಸೈಜರ್ ಬೆರೆಸಿರ್ತಾರೆ. ಜರ್ಮನಿಯ ಹೆಸರಾಂತ ಗೊಂಬೆ ತಯಾರಕಿ ಕ್ಯಾಥೆ ಕ್ರೂಸೆಯ ಮಗಳು ಸೋಫಿ, ಮನೆಯವರ ಬಾಯಲ್ಲಿ ಫಿಫಿ, ಇಂಥದೊಂದು ಮಿಶ್ರಣ ಮಾಡಿದ್ದಳು. 1964ರಲ್ಲಿ ಎಬರ್‌ಹಾರ್ಡ್ ಫೇಬರ್ ಕಂಪನಿ ಅದನ್ನು ಕೊಂಡಿತು, ಅದೇ ಫಿಮೊ. ಅಮೆರಿಕದ ಸ್ಕಲ್ಪಿ ಕಥೆ ನಮ್ಮ ಇಂಜಿನಿಯರ್ ಮಂದಿಗೆ ಇಷ್ಟ ಆಗುತ್ತೆ. ಟ್ರಾನ್ಸ್‌ಫಾರ್ಮರ್‌ನ ಒಳಗಿನ ಶಾಖ ಹೊರಗೆ ಸಾಗಿಸಲಿ ಅಂತ ಮಾಡಿದ ವಸ್ತು ಅದು. ಆ ಕೆಲಸಕ್ಕೆ ಒದಗಲಿಲ್ಲ, ಕೈಯಲ್ಲಿ ನಾದಿ ಒಲೆಯಲ್ಲಿ ಸುಟ್ಟರೆ ಗಟ್ಟಿಯಾಗುತ್ತೆ ಅಂತ ಗೊತ್ತಾಯಿತು. ಇಂದ್ರಜಾಲ ಮುಂಬೈಯಲ್ಲಿ ಹುಟ್ಟಿದ ವರ್ಷವೇ ಫಿಮೊ ಜರ್ಮನಿಯಲ್ಲಿ ಕಂಪನಿ ಸೇರಿತು ಅನ್ನೋದು ಕಾಕತಾಳೀಯ, ಆದರೆ ನೆನಪಿಡೋಕೆ ಚೆನ್ನಾಗಿದೆ.

ಈ ವಸ್ತು ಗಾಳಿಗೆ ಒಣಗೋದಿಲ್ಲ. ಒದ್ದೆ ಬಟ್ಟೆ ಬೇಡ, ಇವತ್ತಿನ ಕೈಯನ್ನು ಮುಂದಿನ ತಿಂಗಳು ತಿದ್ದಬಹುದು. ಓವನ್‌ನಲ್ಲಿ ಸುಮಾರು 130 ಡಿಗ್ರಿಯಲ್ಲಿ ಸುಡುವ ತನಕ ಅದು ಕೇಳಿಸಿಕೊಳ್ಳುತ್ತಲೇ ಇರುತ್ತೆ. ಮಿತಿ ಮೀರಿ ಕಾಯಿಸಿದರೆ ಪಿವಿಸಿ ಕೆಟ್ಟ ಹೊಗೆ ಬಿಡುತ್ತೆ, ಕಿಟಕಿ ತೆರೆದಿಡಿ. ಅಂದ್ರೆ ಕಿಪ್ಲಿಂಗ್ ಶಿಷ್ಯರಿಗೂ ಲಾಲ್‌ಬಾಗ್‌ನವರಿಗೂ ಸಿಗದಷ್ಟು ಸಮಯ ನಮಗೆ ಸಿಕ್ಕಿದೆ.

ಆ ಸಮಯವನ್ನು ನಾವು ಹೇಗೆ ಬಳಸ್ತೀವಿ? ಒಂದು ಉದಾಹರಣೆ ಕೊಡ್ತೀನಿ. ಠಾಣೆಯಲ್ಲಿ ನಾವು ಐದಾರು ಜನ ಭಾನುವಾರ ಸೇರ್ತೀವಿ. ಅದರಲ್ಲೊಬ್ಬರು ರಾಯಗಡ ಜಿಲ್ಲೆಯ ಪೇಣ್‌ನವರು. ಗಣಪತಿ ಮೂರ್ತಿಗೆ ಹೆಸರಾದ ಊರು ಅದು, ಅವರ ಮನೆತನದ ಕೆಲಸವೂ ಅದೇ. ಒಂದು ಸಲ ಹುಬ್ಬಳ್ಳಿಯ ಗೆಳೆಯ ಸೂಪರ್‌ಮ್ಯಾನ್ ತಂದಿದ್ದ. ಸೊಂಟದ ಮೇಲೆ ಕೈ, ಹಾರುವ ಮೇಲಂಗಿ, ಎದೆ ಹೊಟ್ಟೆಯ ಸ್ನಾಯು ಎಲ್ಲ ಅಚ್ಚುಕಟ್ಟು. ಎಲ್ಲರೂ "ಭಾರಿ ಅದಲ್ಲೋ ಮಾರಾಯಾ" ಅಂದೆವು. ಪೇಣ್‌ನ ಕಾಕಾ ಮಾತ್ರ ಅದನ್ನು ತಿರುಗಿಸಿ ಬೆನ್ನ ಕಡೆಯಿಂದ ನೋಡಿದರು. ಆಮೇಲೆ ದೀಪದ ಎದುರು ಹಿಡಿದು ನೆರಳು ನೋಡಿದರು. "ಹಾ ಉಭಾ ನಾಹೀ, ಟಾಂಗ್‌ಲೇಲಾ ಆಹೇ" ಅಂದರು. ಇವನು ನಿಂತಿಲ್ಲ, ನೇತಾಡ್ತಿದ್ದಾನೆ ಅಂತ.

"ಯಾಕ್ರೀ ಕಾಕಾ?" ಅಂತ ಗೆಳೆಯ ಹಿಂದಿಯಲ್ಲೇ ಕೇಳಿದ. ಅವರು ಹೇಳಿದ್ದು ಇಷ್ಟು: ಮೈಭಾರ ಯಾವ ಕಾಲಿನ ಮೇಲಿದೆ ಅಂತ ಮೂರ್ತಿಗೇ ಗೊತ್ತಿಲ್ಲ. ಭಾರ ಹೊತ್ತ ಕಾಲಿನ ಕಡೆ ಸೊಂಟ ಏರಬೇಕು, ಆ ಕಡೆಯ ಭುಜ ಇಳಿಯಬೇಕು. ಸ್ನಾಯು ಎಣಿಸೋದು ಆಮೇಲೆ. ನಮ್ಮ ದೇವಸ್ಥಾನದ ಮದನಿಕೆಯರು ಬಳುಕಿ ನಿಲ್ಲೋದು, ಜೆ. ಜೆ.ಯ ಗ್ರೀಕ್ ಅಚ್ಚುಗಳು ನಿಲ್ಲೋದು, ಎರಡೂ ಇದೇ ಲೆಕ್ಕ. ಗೆಳೆಯ ಅಲ್ಲೇ ಸೊಂಟದ ಹತ್ತಿರ ಕ್ಲೇ ಕೊಯ್ದು, ಒಳಗಿನ ತಂತಿ ಬಗ್ಗಿಸಿ, ಮತ್ತೆ ಮೆತ್ತಿದ. ಅರ್ಧ ಗಂಟೆಯಲ್ಲಿ ಸೂಪರ್‌ಮ್ಯಾನ್ ನೆಲಕ್ಕೆ ಇಳಿದು ನಿಂತ. ಅದೇ ಮೂರ್ತಿಯನ್ನು ಸುಟ್ಟು ಬಣ್ಣ ಹಚ್ಚಿ ತಂದಿದ್ದರೆ ಕಾಕಾ ಬಹುಶಃ "ಛಾನ್ ಆಹೇ" ಅಂದು ಚಹಾ ಕುಡಿದು ಹೋಗ್ತಿದ್ದರು.

ಗಮನಿಸಿ, ಆ ಮಾತು ಬಂದದ್ದು ಕಾಮಿಕ್ಸ್ ಓದಿದವರಿಂದ ಅಲ್ಲ. ಸೂಪರ್‌ಮ್ಯಾನ್ ಕಥೆ ಕಾಕಾಗೆ ಸರಿಯಾಗಿ ಗೊತ್ತಿಲ್ಲ. ಗೊತ್ತಿರೋದು ಮೈಭಾರ. ಹತ್ತಾರು ಮಳೆಗಾಲ ಒದ್ದೆ ಮಣ್ಣು ಕುಸಿಯದ ಹಾಗೆ ನಿಲ್ಲಿಸಿ ಕಲಿತದ್ದು ಅದು. ನೂರೈವತ್ತು ವರ್ಷ ಈ ಊರು ಒಂದು ಕಡೆ ಕಲಾಶಾಲೆ, ಇನ್ನೊಂದು ಕಡೆ ಕಾರ್ಖಾನೆ ಇಟ್ಟುಕೊಂಡು, ಶಾಲೆಯವರ ಮಾತನ್ನು ವಿಮರ್ಶೆ ಅಂತ ಅಚ್ಚು ಹಾಕಿತು. ಕಾರ್ಖಾನೆಯವರ ಮಾತನ್ನು ಬರೆದಿಟ್ಟುಕೊಳ್ಳಲಿಲ್ಲ. ಕರ್ಮರ್ಕರ್ ಒಬ್ಬರು ಆ ಗೆರೆ ದಾಟಿದರು. ನಮ್ಮ ಭಾನುವಾರದ ಮೇಜಿನ ಸುತ್ತ ಆ ಗೆರೆ ಒಂದೆರಡು ಗಂಟೆ ಇರೋದಿಲ್ಲ. ನನಗೆ ಈ ಹವ್ಯಾಸದಲ್ಲಿ ಬೆಲೆಬಾಳುವ ಸಂಗತಿ ಅಂದ್ರೆ ಅದೇ.

ಕೊನೆಗೆ ಒಂದು ಎಚ್ಚರಿಕೆಯ ಮಾತು. ಗಣಪತಿ ನೀರಿಗೆ ಹೋಗ್ತಾನೆ, ಮುಂದಿನ ವರ್ಷ ಹೊಸ ಅವಕಾಶ. ಸುಟ್ಟ ಪಾಲಿಮರ್ ಎಲ್ಲಿಗೂ ಹೋಗೋದಿಲ್ಲ. ಕರಗೋದಿಲ್ಲ, ಮಣ್ಣಿಗೆ ಸೇರೋದಿಲ್ಲ, ಷೋಕೇಸ್‌ನಲ್ಲಿ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಹಾಗೇ ಕೂತಿರುತ್ತೆ. ವಿಸರ್ಜನೆ ಇಲ್ಲದ ಮೂರ್ತಿ ಮಾಡುವವರು ಹಸಿಯಿದ್ದಾಗಲೇ ಹೆಚ್ಚು ಕೇಳಿಸಿಕೊಳ್ಳಬೇಕು. ಲೈಕ್ ಬೀಳೋದು ಸುಟ್ಟ ಮೇಲೆ, ಬಣ್ಣ ಹಚ್ಚಿದ ಮೇಲೆ. ಆಗ ಅದರಿಂದ ಒಂದು ಬೆರಳೂ ನೆಟ್ಟಗಾಗೋದಿಲ್ಲ.

ಕ್ಲೇ ಬೇಕು ಅಂದವರಿಗೆ ದಾರಿ ಹೇಳ್ತೀನಿ. ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟ್‌ನಲ್ಲಿ ಕ್ರಾಫ್ಟ್ ಸಾಮಾನಿನ ಅಂಗಡಿಗಳಿವೆ. ಹೋದಾಗ ಮಾರ್ಕೆಟ್‌ನ ಕಮಾನಿನ ಮೇಲಿನ ಉಬ್ಬುಶಿಲ್ಪಗಳನ್ನು ಒಂದು ನಿಮಿಷ ನಿಂತು ನೋಡಿ. ಆಗಸ್ಟ್ ಹತ್ತಿರವಿದ್ದರೆ ಚಿಂಚ್‌ಪೋಕ್ಳಿಯಲ್ಲೂ ಇಳಿದು ಯಾವುದಾದರೂ ಕಾರ್ಖಾನೆಯ ಬಾಗಿಲಲ್ಲಿ ನಿಂತು ನೋಡಿ. ನಿಮ್ಮ ಬ್ಯಾಗಿನಲ್ಲಿ ಅರ್ಧ ಮುಗಿದ, ಇನ್ನೂ ಸುಡದ ಮೂರ್ತಿ ಇದ್ದರೆ ಸಂಕೋಚ ಬಿಟ್ಟು ತೋರಿಸಿ. ಸಿಗೋಣ, ಮುಂದಿನ ಮಾತಿನಲ್ಲಿ.